ತುಪ್ಪಕ್ಕೆ ಎಳೆದ ಬರೆ

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ನಾವು ಕನ್ನಡದವರು ಸೇರಿ ಉಣ್ಣುವ ಭಾನುವಾರಗಳಲ್ಲಿ ಒಂದು ಕೈಸನ್ನೆಯನ್ನು ವರ್ಷಗಳಿಂದ ನೋಡುತ್ತಿದ್ದೇನೆ. ತುಪ್ಪದ ಗಿಂಡಿ ಹತ್ತಿರ ಬಂದ ಕೂಡಲೇ ತಟ್ಟೆಯ ಮೇಲೆ ಅಂಗೈ ಅಡ್ಡ ಬೀಳುತ್ತದೆ. “ಬೇಡ ಬೇಡ, ಕೊಲೆಸ್ಟರಾಲು.” ಆ ದನಿಯಲ್ಲಿ ಒಂದಿಷ್ಟು ಭಯ, ಒಂದಿಷ್ಟು ಹೆಮ್ಮೆ, ಏಕಾದಶಿ ಹಿಡಿದವರು ಅನ್ನ ಬೇಡ ಅಂದ ಹಾಗೆ. ಬಿಸಿಬೇಳೆಬಾತಿನ ಸೌಟು ಬಂದಾಗ ಅದೇ ಅಂಗೈ ಪಕ್ಕಕ್ಕೆ ಸರಿಯುತ್ತದೆ. ಎರಡನೇ ಸಲವೂ ಸರಿಯುತ್ತದೆ. ಆಮೇಲೆ ಅನ್ನ ಸಾರು, ಆಮೇಲೆ ಮೊಸರನ್ನ, “ಅರ್ಧ ಸಾಕು” ಎನ್ನುತ್ತಲೇ ಒಂದೂವರೆ ಒಬ್ಬಟ್ಟು. ಊಟ ಮುಗಿಸಿ ಎದ್ದವರ ಮುಖದಲ್ಲಿ ವ್ರತ ಕೆಡಲಿಲ್ಲವೆಂಬ ಸಮಾಧಾನ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಬಿದ್ದದ್ದು ಎಮ್ಮೆಯ ತುಪ್ಪಕ್ಕೆ, ಅಷ್ಟೇ ವ್ಯತ್ಯಾಸ.

ಮೊದಲೇ ಹೇಳಿಬಿಡುತ್ತೇನೆ, ನಾನು ತುಪ್ಪದ ವಕೀಲನಲ್ಲ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಎಂಟು ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಇಲ್ಲಿಯ ಆರೋಗ್ಯ ಇಲಾಖೆ ಹೆಂಗಸರಿಗೆ ದಿನಕ್ಕೆ 20 ಗ್ರಾಂ, ಗಂಡಸರಿಗೆ 30 ಗ್ರಾಂ ಮೀರಬೇಡಿ ಎನ್ನುತ್ತದೆ. ಲೆಕ್ಕ ಗೊತ್ತಿದ್ದೂ ಸುರಿದುಕೊಳ್ಳುವವರಿಗೆ ನನ್ನ ಬೆಂಬಲವಿಲ್ಲ. ನನ್ನ ಜಗಳ ಬೇರೆ. ಕೊಬ್ಬಿಗೆ ಗುಣನಡತೆಯ ಪ್ರಮಾಣಪತ್ರ ಕೊಡುವ ನಮ್ಮ ಅಭ್ಯಾಸದ ಮೇಲೆ ನನಗೆ ಸಿಟ್ಟು. ಇದು ಒಳ್ಳೆಯ ಕೊಬ್ಬು, ಅದು ಕೆಟ್ಟ ಕೊಬ್ಬು. ಇದು ಒಳ್ಳೆಯ ಕೊಲೆಸ್ಟರಾಲ್, ಅದು ಕೆಟ್ಟದ್ದು. ವೈದ್ಯರ ಕೋಣೆಯ ಕರಪತ್ರದಿಂದ ಎಣ್ಣೆ ಪ್ಯಾಕೆಟ್ಟಿನ ಹೃದಯದ ಚಿತ್ರದವರೆಗೆ ಇದೇ ಭಾಷೆ. ಇದನ್ನು ವಿರೋಧಿಸುವವರೂ ಇದೇ ಭಾಷೆಯಲ್ಲಿ ಮಾತಾಡುತ್ತಾರೆ: “ಕೊಲೆಸ್ಟರಾಲ್ ಅನ್ನೋದೇ ಔಷಧ ಕಂಪನಿಗಳ ಕಟ್ಟುಕತೆ, ತುಪ್ಪ ಅಮೃತ, ದಿನಾ ಎರಡು ಚಮಚ ಕುಡೀರಿ.” ಬೆಳಗಿನ ವಾಟ್ಸಾಪಿನಲ್ಲಿ ಈ ಎರಡೂ ಪಂಗಡದವರು ಒಂದೇ ಗುಂಪಿನಲ್ಲಿ, ಒಂದರ ಕೆಳಗೊಂದು, ಯಾವ ಮುಜುಗರವೂ ಇಲ್ಲದೆ ಬದುಕುತ್ತಾರೆ.

ನಮ್ಮ ಭಾಷೆಯೂ ಈ ಪಾಪದಲ್ಲಿ ಪಾಲುದಾರ. ಯಾರಾದರೂ ಎದುರುತ್ತರ ಕೊಟ್ಟರೆ “ಅವನಿಗೆ ಕೊಬ್ಬು” ಅನ್ನುತ್ತೇವೆ. ಅದೇ ವಸ್ತುವಿಗೆ ಸಂಸ್ಕೃತದಿಂದ ಬಂದ ಇನ್ನೊಂದು ಹೆಸರು ಸ್ನೇಹ. ಒಂದೇ ಜಿಡ್ಡು ಒಂದು ಬಾಯಲ್ಲಿ ಸೊಕ್ಕು, ಇನ್ನೊಂದು ಬಾಯಲ್ಲಿ ಗೆಳೆತನ. ಕೊಲೆಸ್ಟರಾಲಿನ ಹಣೆಬರಹವಂತೂ ಹೆಸರಿಟ್ಟ ಗಳಿಗೆಯಲ್ಲೇ ಕೆಟ್ಟಿತು. ಅದು ಮನುಷ್ಯರ ಕಣ್ಣಿಗೆ ಮೊದಲು ಬಿದ್ದದ್ದು ಪಿತ್ತಕೋಶದ ಕಲ್ಲಿನಲ್ಲಿ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಶೆವ್ರಲ್ ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ಗಟ್ಟಿ ಪಿತ್ತ’. ಆರೋಗ್ಯವಂತನ ಮೆದುಳಿನಲ್ಲಿ ಅದನ್ನು ಮೊದಲು ಕಂಡಿದ್ದರೆ ಇಷ್ಟು ಅಪಕೀರ್ತಿ ಬರುತ್ತಿತ್ತೇ? ಎಣ್ಣೆ, ಕೊಬ್ಬು, ಸಾಬೂನುಗಳ ನಡುವೆಯೇ ಜೀವ ಸವೆಸಿದ ಶೆವ್ರಲ್ ಮಾತ್ರ 102 ವರ್ಷ ಬದುಕಿದ. ಇದು ಪುರಾವೆಯಲ್ಲ, ಬರೆಯುವ ಆಸೆ ತಡೆಯಲಾಗಲಿಲ್ಲ.

ಈಗ ಒಳ್ಳೆಯದು, ಕೆಟ್ಟದ್ದು ಎಂಬ ಮಾತಿಗೆ ಬರೋಣ. ಕೊಲೆಸ್ಟರಾಲ್ ಒಂದೇ. 27 ಕಾರ್ಬನ್ ಪರಮಾಣುಗಳು, ಒಂದಕ್ಕೊಂದು ಅಂಟಿದ ನಾಲ್ಕು ಉಂಗುರ, ಒಂದು ಬಾಲ. ಕೆಟ್ಟದ್ದೆನ್ನುವ ಎಲ್‌ಡಿಎಲ್‌ನಲ್ಲಿರುವ ಅಣುವಿಗೂ ಒಳ್ಳೆಯದೆನ್ನುವ ಎಚ್‌ಡಿಎಲ್‌ನಲ್ಲಿರುವ ಅಣುವಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಜಿಡ್ಡು ನೀರಿನಲ್ಲಿ ಕರಗುವುದಿಲ್ಲ, ರಕ್ತವೋ ಬಹುಪಾಲು ನೀರು. ಹಾಗಾಗಿ ಅದು ಓಡಾಡಲು ಗಾಡಿ ಬೇಕು. ಎಲ್‌ಡಿಎಲ್, ಎಚ್‌ಡಿಎಲ್ ಅನ್ನುವುದು ಆ ಗಾಡಿಗಳ ಹೆಸರು. ನಮ್ಮ ಸ್ಟೇಷನ್ನಿನಿಂದ ಹೀಥ್ರೂಗೆ ಹೋಗುವ 105ನೇ ನಂಬರಿನ ಬಸ್ಸಿನಲ್ಲಿ ಕೂತವನನ್ನು ದುಷ್ಟನೆಂದೂ, ಸಂಜೆ ಅದೇ ದಾರಿಯಲ್ಲಿ ವಾಪಸು ಬಂದವನನ್ನು ಸಾಧುವೆಂದೂ ಕರೆದರೆ ಹೇಗೆ? ನಾವು ಮಾಡುತ್ತಿರುವುದು ಅದನ್ನೇ.

ಹಾಗೆಂದು ಬಸ್ಸುಗಳಿಂದ ತೊಂದರೆಯಿಲ್ಲವೆಂದಲ್ಲ. ರಸ್ತೆಯ ತುಂಬ ಎಲ್‌ಡಿಎಲ್ ಗಾಡಿಗಳೇ ನಿಂತರೆ ಕೆಲವು ರಕ್ತನಾಳದ ಗೋಡೆಯೊಳಕ್ಕೆ ನುಗ್ಗಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕೆಡುತ್ತವೆ, ಉರಿ ಏಳುತ್ತದೆ, ಗೋಡೆ ದಪ್ಪವಾಗುತ್ತದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದದ್ದು ಈ ಗಾಡಿಗಳನ್ನು ಜೀವಕೋಶ ಹೇಗೆ ಒಳಗೆಳೆದುಕೊಳ್ಳುತ್ತದೆ ಎಂದು ತೋರಿಸಿದ್ದಕ್ಕೆ. ಒಳಗೆಳೆಯುವ ಕೊಂಡಿ ತಂದೆ ತಾಯಿ ಇಬ್ಬರ ಕಡೆಯಿಂದಲೂ ಕೆಟ್ಟು ಬಂದ ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲೇ ಹೃದಯಾಘಾತವಾಗುತ್ತದೆ. ಆ ಮಕ್ಕಳು ಯಾವ ಔಷಧ ಕಂಪನಿಯ ಕಟ್ಟುಕತೆಯೂ ಅಲ್ಲ. ಅಮೃತ ಪಂಗಡದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎಲ್‌ಡಿಎಲ್ ಹೆಚ್ಚಿದೆಯೆಂದು ವೈದ್ಯರು ಕೊಟ್ಟ ಸ್ಟ್ಯಾಟಿನ್ ಗುಳಿಗೆಯನ್ನು ಫಾರ್ವರ್ಡ್ ಆದ ವಿಡಿಯೊ ನೋಡಿ ಬಿಡುವವರ ಧೈರ್ಯ ನನಗೆ ಧೈರ್ಯವಾಗಿ ಕಂಡಿಲ್ಲ.

ಆದರೆ ‘ಒಳ್ಳೆಯದು’ ಎಂಬ ಪದವಿಯ ಗತಿ ಏನಾಯಿತು ನೋಡಿ. ಎಚ್‌ಡಿಎಲ್ ಒಳ್ಳೆಯದಾದರೆ ಅದನ್ನು ಏರಿಸಿದರೆ ಆಯಿತಲ್ಲ ಎಂದು ಟಾರ್ಸೆಟ್ರಪಿಬ್ ಎಂಬ ಮದ್ದು ಬಂತು. ಸುಮಾರು 15,000 ಮಂದಿಯ ಮೇಲೆ ಪರೀಕ್ಷೆ. ಎಚ್‌ಡಿಎಲ್ ಶೇಕಡ 70ರಷ್ಟು ಏರಿತು. ಜೊತೆಗೆ ಸಾವೂ ಹೆಚ್ಚಿತು. 2006ರ ಡಿಸೆಂಬರಿನಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಆ ಮದ್ದಿಗೆ ರಕ್ತದೊತ್ತಡ ಏರಿಸುವ ಬೇರೆ ದೋಷವೂ ಇತ್ತು, ಒಪ್ಪೋಣ. ಆ ದೋಷವಿಲ್ಲದ ಡಾಲ್ಸೆಟ್ರಪಿಬ್ ಎಚ್‌ಡಿಎಲ್ ಏರಿಸಿಯೂ ಹೃದಯಕ್ಕೆ ಏನೂ ಮಾಡಲಿಲ್ಲ. 2012ರಲ್ಲಿ ಅದೂ ಮೂಲೆ ಸೇರಿತು. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿಸುವ ವಂಶವಾಹಿ ಪಡೆದವರಿಗೂ ಹೃದಯಾಘಾತ ಕಡಿಮೆಯಾಗುವುದಿಲ್ಲ ಎಂಬ ವರದಿ ಅದೇ ವರ್ಷ ಬಂತು. ಪದವಿ ಮಾತ್ರ ಕರಪತ್ರದಲ್ಲಿ ಇನ್ನೂ ಅಳಿದಿಲ್ಲ.

ಕೊಬ್ಬನ್ನು ಅರಿಯಲು ಅದರ ನಡತೆ ಕೇಳಬೇಡಿ, ಆಕಾರ ಕೇಳಿ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಗ್ರೀನ್‌ಫರ್ಡಿನ ಅಡುಗೆಮನೆ ಸಾಕು. ಮಂಗಳೂರಿನಿಂದ ತಂದ ತೆಂಗಿನೆಣ್ಣೆ ಅಕ್ಟೋಬರ್ ದಾಟಿದರೆ ಸೀಸೆಯಲ್ಲಿ ಮೇಣವಾಗುತ್ತದೆ. ಹೀಟರಿನ ಮೇಲಿಟ್ಟು ಕಾಯದೆ ತಲೆಗೂ ಇಲ್ಲ, ಒಗ್ಗರಣೆಗೂ ಇಲ್ಲ. ಪಕ್ಕದ ಕಡಲೆಕಾಯಿ ಎಣ್ಣೆ ಬೆಳಗ್ಗೆಯೂ ಸರಾಗ ಹರಿಯುತ್ತದೆ. ಎರಡರಲ್ಲೂ ಇರುವುದು ಒಂದೇ ಕಟ್ಟಡ: ಗ್ಲಿಸರಿನ್ ಎಂಬ ಬೆನ್ನಿಗೆ ಮೂರು ಕೊಬ್ಬಿನ ಆಮ್ಲಗಳ ಬಾಲ, ಅದೇ ಟ್ರೈಗ್ಲಿಸರೈಡ್. ತೆಂಗಿನೆಣ್ಣೆಯ ಬಾಲಗಳು ಹೆಚ್ಚಾಗಿ ನೇರ, ಕಟ್ಟಿಗೆಯ ಹೊರೆಯಂತೆ ಒತ್ತೊತ್ತಾಗಿ ಜೋಡಿಕೊಂಡು 24 ಡಿಗ್ರಿಗೇ ಹೆಪ್ಪುಗಟ್ಟುತ್ತವೆ. ಕಡಲೆಕಾಯಿ ಎಣ್ಣೆಯ ಬಾಲಗಳಲ್ಲಿ ಹೆಚ್ಚಿನವಕ್ಕೆ ನಡುವೆ ಮೊಣಕೈಯಂಥ ಸೊಟ್ಟು. ಸೊಟ್ಟ ಕಟ್ಟಿಗೆ ಒತ್ತಾಗಿ ಕೂರುವುದಿಲ್ಲ. ಸ್ಯಾಚುರೇಟೆಡ್, ಅನ್‌ಸ್ಯಾಚುರೇಟೆಡ್ ಅಂದರೆ ಇಷ್ಟೇ. ನೇರವಾಗಿರುವುದು ಅಪರಾಧವೂ ಅಲ್ಲ, ಸೊಟ್ಟಗಿರುವುದು ಪುಣ್ಯವೂ ಅಲ್ಲ.

ಮೂರು ಬಾಲದಲ್ಲಿ ಒಂದನ್ನು ತೆಗೆದು ಅಲ್ಲಿ ನೀರನ್ನು ಇಷ್ಟಪಡುವ ಫಾಸ್ಫೇಟಿನ ತಲೆಯೊಂದನ್ನು ಕೂರಿಸಿದರೆ ಅದೇ ವಸ್ತು ಬೇರೆ ಅವತಾರ ತಾಳುತ್ತದೆ. ದೊಡ್ಡ ಛತ್ರದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ಪಂಕ್ತಿ ಕೂತದ್ದನ್ನು ನೆನೆಯಿರಿ: ಮುಖಗಳು ಹೊರಗೆ, ಎಲೆಯ ಕಡೆಗೆ; ಬೆನ್ನುಗಳು ಒಳಗೆ. ಈ ಅಣುಗಳೂ ಹೀಗೇ, ಯಾರೂ ಕೂರಿಸದಿದ್ದರೂ, ತಲೆಯನ್ನು ನೀರಿಗೆ ಕೊಟ್ಟು ಬಾಲವನ್ನು ಬಚ್ಚಿಟ್ಟು ಎರಡು ಸಾಲಾಗುತ್ತವೆ. ಜೀವಕೋಶದ ಪೊರೆ ಅಂದರೆ ಈ ಪಂಕ್ತಿಯೇ. ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಭಾಗದಷ್ಟು ದಪ್ಪ. ಒಳಗು ಯಾವುದು, ಹೊರಗು ಯಾವುದು ಎಂಬ ಗೆರೆಯನ್ನು ಬದುಕಿನಲ್ಲಿ ಎಳೆದದ್ದು ಜಿಡ್ಡು. ಆ ಸಾಲುಗಳ ನಡುವೆ ಅಲ್ಲಲ್ಲಿ ತೂರಿಕೊಂಡು, ಪೊರೆ ಚಳಿಗೆ ಸೆಟೆಯದಂತೆ, ಶಾಖಕ್ಕೆ ಸಡಿಲವಾಗದಂತೆ ನೋಡಿಕೊಳ್ಳುವುದು ಮತ್ತಾರೂ ಅಲ್ಲ, ಅದೇ ಕೊಲೆಸ್ಟರಾಲ್. ತೂಕದಲ್ಲಿ ಮೈಯ ಶೇಕಡ ಎರಡರಷ್ಟಿರುವ ಮೆದುಳಿನಲ್ಲಿ ಮೈಯ ಒಟ್ಟು ಕೊಲೆಸ್ಟರಾಲಿನ ಐದನೇ ಒಂದು ಪಾಲಾದರೂ ಇದೆ. ರಕ್ತದ ಗಾಡಿಗಳು ಅಲ್ಲಿಗೆ ಹೋಗಲಾರವು, ಮೆದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. “ತಲೆಗೆ ಕೊಬ್ಬು ಏರಿದೆ” ಎಂದು ಬೈಯುವವರಿಗೆ ತಿಳಿದಿರಲಿ, ಅದು ಏರಲೇಬೇಕಿಲ್ಲ, ಅಲ್ಲೇ ಇದೆ.

ಸ್ಯಾಚುರೇಟೆಡ್ ಅಂದರೆ ವಿಷ ಎನ್ನುವವರನ್ನು ನಾನು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿಗೆ ಕರೆದೊಯ್ಯಲು ಬಯಸುತ್ತೇನೆ. ನಮ್ಮ ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆಗೆ ತೆಳುವಾದ ಜಿಡ್ಡಿನ ಲೇಪವಿದೆ. ಉಸಿರು ಬಿಟ್ಟಾಗ ಒದ್ದೆ ಗೋಡೆಗಳು ಒಂದಕ್ಕೊಂದು ಅಂಟಿ ಮುಚ್ಚಿಹೋಗದಂತೆ ಅದು ತಡೆಯುತ್ತದೆ. ಆ ಲೇಪದ ಮುಖ್ಯ ವಸ್ತು ಒಂದು ಫಾಸ್ಫೋಲಿಪಿಡ್. ಅದರ ಎರಡೂ ಬಾಲ ಪಾಮಿಟಿಕ್ ಆಮ್ಲ, ಪೂರ್ತಿ ಸ್ಯಾಚುರೇಟೆಡ್, ತಾಳೆಣ್ಣೆಯಲ್ಲೂ ತುಪ್ಪದಲ್ಲೂ ಹೇರಳವಾಗಿರುವ ಅದೇ ಆಮ್ಲ. ಒತ್ತಿ ಹಿಡಿದಾಗ ಗಟ್ಟಿ ಹಾಳೆಯಂತೆ ನಿಲ್ಲಲು ನೇರ ಬಾಲವೇ ಬೇಕು. ಸೊಟ್ಟ ಬಾಲದಿಂದ ಆ ಕೆಲಸ ಆಗದು. ಬೇಗ ಹುಟ್ಟಿದ ಕೂಸಿಗೆ ಈ ಲೇಪ ಸಾಲದಿದ್ದರೆ ಪ್ರತಿ ಉಸಿರೂ ಹೊಸ ಬಲೂನು ಊದಿದಷ್ಟು ಕಷ್ಟ. 1959ರಲ್ಲಿ ಮೇರಿ ಎಲೆನ್ ಏವರಿ ಈ ಕೊರತೆಯನ್ನು ಗುರುತಿಸಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಎರಡು ದಿನದ ಮಗು ಸತ್ತದ್ದು ಈ ಕಾಯಿಲೆಯಿಂದಲೇ. ಇಂದು ಅಂಥ ಕೂಸುಗಳ ಶ್ವಾಸನಾಳಕ್ಕೆ ಈ ಜಿಡ್ಡನ್ನೇ ಔಷಧವಾಗಿ ಇಳಿಸುತ್ತಾರೆ. ರಕ್ತನಾಳಕ್ಕೆ ಭಾರವಾದದ್ದು ಶ್ವಾಸಕೋಶಕ್ಕೆ ಪ್ರಾಣ. ಈ ಕೊಬ್ಬಿಗೆ ಯಾವ ಪ್ರಮಾಣಪತ್ರ ಕೊಡುತ್ತೀರಿ?

ಗುಣದ ಮೇಲೆ ತೀರ್ಪು ಕೊಡುವವರು ಎಡವಿದ ದೊಡ್ಡ ಕತೆ ಡಾಲ್ಡಾ. ಸಸ್ಯಮೂಲ, ಹಾಗಾಗಿ ಸಾತ್ವಿಕ. ಕೊಲೆಸ್ಟರಾಲ್ ಇಲ್ಲ, ಹಾಗಾಗಿ ಕ್ಷೇಮ. ಹಸಿರು ತೆಂಗಿನ ಮರದ ಚಿತ್ರವಿದ್ದ ಆ ಹಳದಿ ಡಬ್ಬ ನಮ್ಮ ಅಜ್ಜಿಯರ ಅಟ್ಟದಲ್ಲಿ ತುಪ್ಪದ ಪಕ್ಕಕ್ಕೇ ಕೂತಿತು. ಎಣ್ಣೆಗೆ ಹೈಡ್ರೊಜನ್ ಹಾಯಿಸಿ ಗಟ್ಟಿ ಮಾಡುವಾಗ ಒಂದು ಪಾಲು ಬಾಲಗಳ ಮೊಣಕೈ ತಿರುಚಿಕೊಂಡು ಬಾಲ ನೇರವಾಗಿಬಿಡುತ್ತದೆ. ಇದೇ ಟ್ರಾನ್ಸ್ ಕೊಬ್ಬು: ಪರಮಾಣುಗಳ ಲೆಕ್ಕ ಅಷ್ಟೇ, ಆಕಾರ ಬೇರೆ. ಹೃದಯಕ್ಕೆ ಅದು ತುಪ್ಪಕ್ಕಿಂತ ಕೆಡುಕೆಂದು ಗೊತ್ತಾಗುವಷ್ಟರಲ್ಲಿ ಎರಡು ತಲೆಮಾರು ಮದುವೆಯೂಟ ಉಂಡು ಮುಗಿಸಿತ್ತು. ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದನ್ನು ಶೇಕಡ ಎರಡಕ್ಕೆ ಇಳಿಸಿದ ನಿಯಮ ಜಾರಿಯಾದದ್ದು 2022ರಲ್ಲಿ. ‘ಕೊಲೆಸ್ಟರಾಲ್ ರಹಿತ’ ಎಂಬ ಮುದ್ರೆ ಮಾತ್ರ ಇಂದಿಗೂ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟಿನ ಮೇಲಿದೆ. ಗಿಡದ ಎಣ್ಣೆಯಲ್ಲಿ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇದ್ದದ್ದು ಯಾವಾಗ? ಬಾಳೆಹಣ್ಣಿಗೆ ‘ಮೂಳೆ ರಹಿತ’ ಎಂದು ಚೀಟಿ ಅಂಟಿಸಿ ಮಾರಿದ ಹಾಗಾಯಿತು.

ಇನ್ನು ನಮ್ಮ ಆ ಅಂಗೈಯ ವಿಷಯ. ಗ್ರೀನ್‌ಫರ್ಡಿನ ನೆರೆಯೂರು ಸೌತಾಲ್. ಇಲ್ಲಿಗೆ ಬಂದ ಭಾರತ ಉಪಖಂಡದವರಿಗೆ ಬಿಳಿಯರಿಗಿಂತ ಹೆಚ್ಚು, ಅದೂ ಎಳೆ ವಯಸ್ಸಿನಲ್ಲಿ, ಹೃದಯಾಘಾತ ಏಕೆ ಎಂಬ ಪ್ರಶ್ನೆ ಹಿಡಿದು ಮೆಕೀಗ್, ಮಾರ್ಮಟ್ ಮೊದಲಾದವರು 1980ರ ದಶಕದ ಕೊನೆಯಲ್ಲಿ ಪಶ್ಚಿಮ ಲಂಡನ್ನಿನ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರು. ಅನುಮಾನ ಮೊದಲು ತುಪ್ಪದ ಮೇಲೆಯೇ ಬಿದ್ದಿತ್ತು. ಕಾಯಿಸುವಾಗ ತುಪ್ಪದ ಕೊಲೆಸ್ಟರಾಲ್ ಉತ್ಕರ್ಷಣಗೊಂಡು ನಮ್ಮವರ ನಾಳ ಕೆಡಿಸುತ್ತಿರಬಹುದು ಎಂಬ ಊಹೆ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲೇ ಬಂದಿತ್ತು. 1991ರಲ್ಲಿ ಸೌತಾಲಿನ ಫಲಿತಾಂಶ ಅದೇ ಪತ್ರಿಕೆಯಲ್ಲಿ ಬಂದಾಗ ಕತೆ ಬೇರೆಯೇ ಇತ್ತು. ಸಕ್ಕರೆ ಕಾಯಿಲೆ ಬಿಳಿಯರಲ್ಲಿ ಶೇಕಡ 4, ನಮ್ಮವರಲ್ಲಿ ಶೇಕಡ 19. ರಕ್ತದಲ್ಲಿ ಇನ್ಸುಲಿನ್ ಹೆಚ್ಚು, ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ, ಸೊಂಟದ ಸುತ್ತಳತೆ ದೊಡ್ಡದು. ಒಟ್ಟು ಕೊಲೆಸ್ಟರಾಲಿನ ಅಂಕಿಯಿಂದ ನಮ್ಮ ಪಾಡನ್ನು ವಿವರಿಸಲಾಗಲಿಲ್ಲ. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಮುಖ್ಯವಾಯಿತು.

ಟ್ರೈಗ್ಲಿಸರೈಡ್ ಎಲ್ಲಿಂದ ಬರುತ್ತದೆ? ತಿಂದ ಕೊಬ್ಬಿನಿಂದಲೂ ಹೌದು. ಆದರೆ ಖರ್ಚಾಗದೆ ಉಳಿದ ಅನ್ನ, ಸಕ್ಕರೆ, ಬೆಲ್ಲವನ್ನು ಲಿವರ್ ಕೊಬ್ಬಾಗಿಸಿ, ಮೂರು ಬಾಲ ಜೋಡಿಸಿ, ಗಾಡಿಗೆ ತುಂಬಿ ರಕ್ತಕ್ಕೆ ಬಿಡುತ್ತದೆ. ಎರಡು ಸೌಟು ಬಿಸಿಬೇಳೆಬಾತು, ಅನ್ನ ಸಾರು, ಮೊಸರನ್ನ, ಒಂದೂವರೆ ಒಬ್ಬಟ್ಟು. ತುಪ್ಪ ಮುಟ್ಟದವನ ಮೈಯೇ ರಾತ್ರಿಯಿಡೀ ಕೂತು ಕೊಬ್ಬು ಮಾಡುತ್ತಿದೆ. ಅಕ್ಕಿಯ ಮೇಲೆ ಯಾರೂ ಹೃದಯದ ಚಿತ್ರ ಹಾಕಲಿಲ್ಲ, ಅದರ ಅಡ್ಡ ಯಾರೂ ಅಂಗೈ ಹಿಡಿಯಲಿಲ್ಲ. ಹೋದ ವರ್ಷ ಮೈಸೂರಿನ ಅಕ್ಕ ಫೋನಿನಲ್ಲಿ ತನ್ನ ಕೊಲೆಸ್ಟರಾಲ್ 193 ಎಂದಳು, ನಾನು ನನ್ನದು 5 ಎಂದೆ. “ಅಯ್ಯೋ, ನೀನು ಏನೂ ತಿನ್ನಲ್ವೇನೋ!” ಅಳತೆಯ ಮಾನ ಬೇರೆ, ಎರಡೂ ಒಂದೇ ಎಂದು ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು. ಟ್ರೈಗ್ಲಿಸರೈಡ್ ಎಷ್ಟು ಎಂದು ಕೇಳಿದೆ. ಆ ಸಾಲನ್ನು ಅವಳು ಓದಿರಲೇ ಇಲ್ಲ. ನಿಜ ಹೇಳಬೇಕೆಂದರೆ ನಾನೂ ಆಮೇಲೆಯೇ ಹುಡುಕಿ ಓದಿದ್ದು.

2004ರಲ್ಲಿ ಲ್ಯಾನ್ಸೆಟ್ ಒಂದು ಫೋಟೊ ಅಚ್ಚು ಹಾಕಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರೂ ತೆಳ್ಳಗೆ; ಎತ್ತರಕ್ಕೆ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇಕಡ 9.1, ಯಾಜ್ಞಿಕ್‌ಗೆ 21.2. ಇದನ್ನು ಕಂಡು “ನೋಡಿ, ಕೊಬ್ಬೇ ಖಳನಾಯಕ” ಎನ್ನುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಹುಟ್ಟಿನಿಂದಲೇ ಕೊಬ್ಬಿನ ಪದರ ಬೆಳೆಯದ ಅಪರೂಪದ ಕಾಯಿಲೆಯೊಂದಿದೆ. ಚರ್ಮದಡಿಯಲ್ಲಿ ಚೂರೂ ಕೊಬ್ಬಿಲ್ಲ. ಸಕ್ಕರೆ ಕಾಯಿಲೆ ಬರಲಾರದು ಎನ್ನಿಸಬಹುದು. ಬರುವುದು ಅತಿ ಉಗ್ರವಾದ ಸಕ್ಕರೆ ಕಾಯಿಲೆ, ಜೊತೆಗೆ ಲಿವರ್ ತುಂಬ ಕೊಬ್ಬು, ರಕ್ತದಲ್ಲಿ ವಿಪರೀತ ಟ್ರೈಗ್ಲಿಸರೈಡ್. ಚರ್ಮದಡಿಯ ಪದರ ಮನೆಯ ಕಣಜವಿದ್ದ ಹಾಗೆ. ಕಣಜವಿಲ್ಲದಿದ್ದರೆ, ಇದ್ದರೂ ಚಿಕ್ಕದಾಗಿ ಬೇಗ ತುಂಬಿಹೋದರೆ, ಭತ್ತ ಪಡಸಾಲೆಯಲ್ಲಿ, ದೇವರಮನೆಯಲ್ಲಿ, ಬಾವಿಕಟ್ಟೆಯಲ್ಲಿ ಚೆಲ್ಲುತ್ತದೆ. ನಮ್ಮವರ ಕಣಜ ಬಿಳಿಯರದಕ್ಕಿಂತ ಚಿಕ್ಕದು ಎಂಬುದೊಂದು ವಾದ. ಚೆಲ್ಲಿದ್ದಕ್ಕೆ ಭತ್ತವನ್ನು ಬೈದು ಪ್ರಯೋಜನವೇನು? ಸೊಂಟಕ್ಕೆ ಟೇಪು ಸುತ್ತಿ ನೋಡುವುದು ಬಿಟ್ಟು ತುಪ್ಪದ ಗಿಂಡಿಯನ್ನು ಗುಮ್ಮನ ಹಾಗೆ ನೋಡುತ್ತೇವೆ.

ಆಕಾರ ತಪ್ಪಿದರೆ ಎಲ್ಲ ತಪ್ಪುತ್ತದೆ ಎಂಬ ಪಾಠ ನೊಬೆಲ್ ಪಡೆದವರಿಗೂ ಆಗಿದೆ. ಕೊಲೆಸ್ಟರಾಲಿನ ಬಳಗದ ರಚನೆಯ ಕೆಲಸಕ್ಕೆ ವೀಲಾಂಡ್‌ಗೆ 1927ರ ಬಹುಮಾನ, ವಿಂಡೌಸ್‌ಗೆ 1928ರದು. ಅವರು ಬರೆದ ಉಂಗುರಗಳು ತಪ್ಪಾಗಿದ್ದವು! 1932ರಲ್ಲಿ ವಿಜ್ಞಾನಿ ಬರ್ನಾಲ್ ಎಕ್ಸ್‌ರೇ ಹಾಯಿಸಿ, ಅಣು ಇಷ್ಟು ದಪ್ಪವಿರಲು ಸಾಧ್ಯವಿಲ್ಲ ಎಂದು ತೋರಿಸಿದರು. ಇಲ್ಲಿಂದ ಏಳೆಂಟು ಮೈಲಿ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ರೋಸೆನ್‌ಹೈಮ್ ಮತ್ತು ಕಿಂಗ್ ಕೂತು ನಾಲ್ಕು ಉಂಗುರಗಳನ್ನು ಹೊಸದಾಗಿ ಜೋಡಿಸಿದರು. ಆ ಅಸ್ಥಿಪಂಜರ ಸರಿಹೋದ ಮೇಲೆಯೇ ಅದರ ಸಂಸಾರವೆಲ್ಲ ಅರ್ಥವಾದದ್ದು: ಜಿಡ್ಡನ್ನು ಜೀರ್ಣಿಸುವ ಪಿತ್ತದ ಲವಣ, ಗಂಡಸನ್ನು ಗಂಡಸಾಗಿಸುವ, ಹೆಂಗಸನ್ನು ಹೆಂಗಸಾಗಿಸುವ ಹಾರ್ಮೋನು, ಒತ್ತಡದ ಕಾರ್ಟಿಸಾಲ್. ಊರಿನಲ್ಲಿ ತುರಿಕೆಗೆಲ್ಲ ಹಚ್ಚಿಕೊಳ್ಳುವ ಬೆಟ್ನೊವೇಟ್ ಮುಲಾಮಿನೊಳಗಿನ ಅಣುವಿಗೂ ಇದೇ ನಾಲ್ಕುಂಗುರದ ಮೈಕಟ್ಟು.

ಬೆಟ್ನೊವೇಟ್ ಅಂದರೆ ಗ್ಲಾಕ್ಸೊ, ಗ್ಲಾಕ್ಸೊ ಅಂದರೆ ಒಂದು ಕಾಲದಲ್ಲಿ ಗ್ರೀನ್‌ಫರ್ಡ್. ನ್ಯೂಜಿಲೆಂಡಿನ ಹಾಲಿನ ಪುಡಿ ಮಾರುತ್ತಿದ್ದ ಕಂಪನಿ ಅದು. ಕೂಸುಗಳ ಮೂಳೆ ಬಾಗುವ ರಿಕೆಟ್ಸ್‌ಗೆ ಮೀನೆಣ್ಣೆಯಲ್ಲಿರುವ ಡಿ ವಿಟಮಿನ್ ಮದ್ದೆಂದು ತಿಳಿದ ಮೇಲೆ 1924ರಲ್ಲಿ ಆಸ್ಟೆಲಿನ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಕಂಪನಿಯ ಮೊದಲ ಔಷಧ ಅದೇ. 1935ರಲ್ಲಿ ಇಲ್ಲಿ, ಕಾಲುವೆಯ ಪಕ್ಕ, ಗ್ಲಾಕ್ಸೊ ಲ್ಯಾಬೊರೇಟರೀಸ್ ಎದ್ದಿತು. ಸಸ್ಯಾಹಾರಿಗಳಾದ ನಮ್ಮಂಥವರಿಗೆ ಸದಾ ಕೊರತೆಯಾಗುವ ಬಿ-12 ಅನ್ನು 1948ರಲ್ಲಿ ಲೆಸ್ಟರ್ ಸ್ಮಿತ್ ಬೇರ್ಪಡಿಸಿದ್ದೂ ಇಲ್ಲೇ. ಈಗ ಅಲ್ಲಿ ಗ್ರೀನ್‌ಫರ್ಡ್ ಕೀ ಎಂಬ ಹೆಸರಿನ ಫ್ಲಾಟುಗಳಿವೆ. ನಮ್ಮ ಕನ್ನಡದ ಹುಡುಗರೂ ಕೆಲವರು ಬಾಡಿಗೆಗಿದ್ದಾರೆ.

ಡಿ ವಿಟಮಿನ್ ಆ ನಾಲ್ಕುಂಗುರದ ಮನೆತನದ್ದೇ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲ್ ಆಗುವುದಕ್ಕೆ ಒಂದೇ ಹೆಜ್ಜೆ ಬಾಕಿಯಿರುವ ಅಣುವೊಂದಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದರ ಒಂದು ಉಂಗುರ ಬಿರಿದು ಡಿ ವಿಟಮಿನ್ ಆಗುತ್ತದೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಲಂಡನ್ನಿನ ಬಿಸಿಲಿಗೆ ಆ ಕಸುವಿಲ್ಲ; ನಮ್ಮ ಕಂದು ಚರ್ಮಕ್ಕೆ ಬೇಸಿಗೆಯಲ್ಲೂ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು. 1960ರ ದಶಕದಲ್ಲಿ ಗ್ಲಾಸ್ಗೋದ ಏಷ್ಯನ್ ಮಕ್ಕಳಲ್ಲಿ ರಿಕೆಟ್ಸ್ ಮತ್ತೆ ಕಾಣಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. ನಮ್ಮಂಥ ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎಂದು ಇಲ್ಲಿಯ ಸರ್ಕಾರ 2016ರಿಂದ ಹೇಳುತ್ತಿದೆ.

ತುಪ್ಪಕ್ಕೆ ಅಂಗೈ ಅಡ್ಡ ಹಿಡಿಯುವ ನಮ್ಮ ಮಿತ್ರರೂ ಆ ಡಿ ವಿಟಮಿನ್ ಗುಳಿಗೆಯನ್ನು ತಪ್ಪದೆ ನುಂಗುತ್ತಾರೆ, ಬೆಳಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಹಾಲಿಲ್ಲದ ಕಾಫಿಯೊಂದಿಗೆ. ಜಿಡ್ಡಿನ ಜೊತೆ ಹೋದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ ಎಂದರೆ ನಂಬುವುದಿಲ್ಲ. ಮೊನ್ನೆ ಊಟದ ಮನೆಯಲ್ಲಿ ಅವರ ಡಬ್ಬದಿಂದಲೇ ಹಳದಿ ಹೊಳಪಿನ ಒಂದು ಗುಳಿಗೆ ತೆಗೆದು ಗುಂಡುಸೂಜಿಯಿಂದ ಚುಚ್ಚಿ, ಅವರ ತಟ್ಟೆಯ ಅಂಚಿನಲ್ಲಿ ಹಿಂಡಿದೆ. ಒಂದು ಹನಿ ಎಣ್ಣೆ ಬಿತ್ತು.